ಮೇಲೊಂದು ಡಾಲರ್

ನನ್ನ ಮೈದುನ ರೂಬೆನ್ ಹುಬ್ಬಳ್ಳಿಯಿಂದ ಫೋನ್ ಮಾಡಿದಾಗ ನಾನು ದೋಸೆ ಹುಯ್ಯುತ್ತಿದ್ದೆ. ಎರಡು ಸಾವಿರದ ಇಸವಿ, ಅಕ್ಟೋಬರ್, ಭಾನುವಾರದ ಬೆಳಿಗ್ಗೆ. ಸ್ಯಾನ್ ಹೊಸೆಯ ನಮ್ಮ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಒಬ್ಬರು ನಿಂತರೆ ಇನ್ನೊಬ್ಬರು ಹೊಟ್ಟೆ ಒಳಗೆಳೆದುಕೊಂಡು ದಾಟಬೇಕು. ಅಂಥ ಜಾಗದಲ್ಲಿ ನನ್ನ ಗಂಡ ಎಜ್ರಾ ಫೋನಿನ ಸ್ಪೀಕರ್ ಒತ್ತಿ ಕಾವಲಿಯ ಪಕ್ಕದಲ್ಲೇ ಇಟ್ಟ.

"ಅಣ್ಣಾ, ರೊಕ್ಕ ಕೂಡೈತಿ. ತೊಂಬತ್ತ ಸಾವಿರ. ಡಿಸೆಂಬರಕ್ಕ ಹತ್ತ ವರ್ಷ ಆಕ್ಕೈತಿ ನೋಡು, ಅದರೊಳಗ ಮುಟ್ಟಿಸಿ ಬಿಡ್ತೀನಿ" ಎಂದ ರೂಬೆನ್. ದನಿಯಲ್ಲಿ ಹಿಗ್ಗು ತುಂಬಿತ್ತು.

"ಅವಸರ ಏನಿತ್ತೋ" ಎಂದ ಎಜ್ರಾ.

ನಾನು ದೋಸೆ ಮಗುಚುವುದನ್ನು ಮರೆತು ಮನಸ್ಸಿನಲ್ಲೇ ಭಾಗಾಕಾರ ಮಾಡಿದೆ. ಡಾಲರಿಗೆ ನಲವತ್ತಾರು ರೂಪಾಯಿ. ತೊಂಬತ್ತು ಸಾವಿರಕ್ಕೆ ಎರಡು ಸಾವಿರ ಡಾಲರೂ ತುಂಬಲಿಲ್ಲ. ಹತ್ತು ವರ್ಷದ ಹಿಂದೆ ನಾವು ಅವನಿಗೆ ಸಾಲ ಕೊಟ್ಟಿದ್ದು ಐದು ಸಾವಿರ ಡಾಲರ್. ದೋಸೆ ಸೀದು ಹೋಯಿತು.

ನಮ್ಮ ಮನೆಯ ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ಎಜ್ರಾ ಯೆಹೂದಿ. ಅವರ ಹಿರಿಯರು ಕೊಂಕಣ ತೀರದಲ್ಲಿ ಗಾಣದಿಂದ ಎಣ್ಣೆ ತೆಗೆಯುತ್ತಿದ್ದವರು. ಅಜ್ಜನ ಕಾಲದಲ್ಲಿ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿಗೆ ಬಂದರು. ಅಮೆರಿಕದಲ್ಲಿ ಇದನ್ನು ಹೇಳಿದರೆ ಯೆಹೂದಿಗಳೂ ನಂಬುವುದಿಲ್ಲ, ಕನ್ನಡದವರೂ ನಂಬುವುದಿಲ್ಲ. ನಾನು ಮೈಸೂರಿನ ಹಿಂದೂ ಮನೆಯ ಹುಡುಗಿ ವಸುಧಾ. ಎಜ್ರಾ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ಪರಿಚಯವಾಗಿ, ಅವನು ಅಮೆರಿಕದಿಂದ ಬಂದು ನನ್ನನ್ನು ಮದುವೆಯಾದಾಗ ನನ್ನ ತವರಿನ ಬಾಗಿಲು ಮುಚ್ಚಿತು. ಅಣ್ಣ ಸುರೇಶ್ ಇವತ್ತಿಗೂ ಫೋನ್ ಎತ್ತುವುದಿಲ್ಲ. ಅತ್ತೆ ಸಾರಾಬಾಯಿ, ಹುಬ್ಬಳ್ಳಿಯ ಓಣಿಯವರ ಬಾಯಲ್ಲಿ ಸಾರವ್ವ, ಮಾವ ತೀರಿಕೊಂಡ ಮೇಲೆ ಮೂರು ವರ್ಷದ ಹಿಂದೆ ನಮ್ಮಲ್ಲಿಗೆ ಬಂದರು. ಅವರದು ಹುಬ್ಬಳ್ಳಿ ಕನ್ನಡ, ನನ್ನದು ಮೈಸೂರು ಕನ್ನಡ, ಎಂಟು ವರ್ಷದ ಮಗಳು ಸಿಂಧು ಇಬ್ಬರಿಗೂ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ.

ಆ ಐದು ಸಾವಿರ ನನಗೆ ಯಾಕೆ ಅಷ್ಟು ಉರಿಯಿತು ಎಂದರೆ, ನಾವು ಸ್ಯಾನ್ ರಮೋನಿನಲ್ಲಿ ಒಂದು ಮನೆ ಬುಕ್ ಮಾಡಿದ್ದೆವು. ಇನ್ನೂ ಕಟ್ಟುತ್ತಿದ್ದರು. ನಮ್ಮ ಅಪಾರ್ಟ್‌ಮೆಂಟು ಎರಡನೇ ಮಹಡಿ, ಲಿಫ್ಟ್ ಇಲ್ಲ; ಅತ್ತೆಯ ಮಂಡಿ ಹೋಗಿತ್ತು. ಆ ಮನೆಯಲ್ಲಿ ಕೆಳಗಡೆಯೇ ಒಂದು ರೂಮು, ಪಕ್ಕದಲ್ಲೇ ಬಾತ್‌ರೂಮು. ಸಾಲದ ಏಜೆಂಟ್, ಜನವರಿಯೊಳಗೆ ಖಾತೆಯಲ್ಲಿ ಇನ್ನೂ ಐದು ಸಾವಿರ ತೋರಿಸಿದರೆ ಸಾಲ ಪಾಸು, ಇಲ್ಲದಿದ್ದರೆ ಮನೆ ಮುಂದಿನವರಿಗೆ ಎಂದಿದ್ದ. ಕಾಗದದ ಮೇಲೆ ನಾವು ಶ್ರೀಮಂತರು. ಎಜ್ರಾನ ಕಂಪನಿ ಕೊಟ್ಟಿದ್ದ ಷೇರುಗಳಿಗೆ ಆ ತಿಂಗಳ ಬೆಲೆ ಎರಡು ಲಕ್ಷ ಡಾಲರ್. ಮುಂದಿನ ಏಪ್ರಿಲ್‌ವರೆಗೆ ಮಾರುವ ಹಾಗಿರಲಿಲ್ಲ, ಅಷ್ಟೇ. ಎರಡು ಲಕ್ಷದ ಒಡತಿ ನಾನು ಗ್ರೋಸರಿಗೆ ಹೋದಾಗ ಕೂಪನ್ ಕತ್ತರಿಸಿಕೊಂಡು ಹೋಗುತ್ತಿದ್ದೆ.

ಫೋನ್ ಇಟ್ಟ ಮೇಲೆ ಕೇಳಿದೆ, "ರೀ, ಐದು ಸಾವಿರ ಕೊಟ್ಟು ಎರಡು ಸಾವಿರ ಇಸ್ಕೊಳ್ಳೋದಾ?"

"ಆವತ್ತು ಅವನಿಗೆ ಸಿಕ್ಕಿದ್ದು ತೊಂಬತ್ತು ಸಾವಿರಾನೇ. ಆಗ ಡಾಲರಿಗೆ ಹದಿನೆಂಟಿತ್ತು."

"ಅವರೇ ಹೇಳಿರ್ಲಿಲ್ವಾ, ಡಾಲರ್ ಇಸ್ಕೊಂಡಿದೀನಿ, ಡಾಲರನ್ನೇ ವಾಪಸ್ ಕೊಡ್ತೀನಿ ಅಂತ? ನಾನೇ ಕಿವಿಯಾರೆ ಕೇಳಿದೀನಿ."

ಎಜ್ರಾ ತಲೆ ಕೆರೆದುಕೊಂಡ. ಜಗಳ ಬೇಡವಾದಾಗಲೆಲ್ಲ ಅವನು ಮಾಡುವುದು ಅದೇ. ಅಷ್ಟರಲ್ಲಿ ಒಳಗಿನಿಂದ ಅತ್ತೆ ಗೋಡೆ ಹಿಡಿದುಕೊಂಡು ಬಂದರು.

"ಅದು ಕೈಗಡ. ಮನಿ ಮಂದಿ ಕಡೆ ಬಡ್ಡಿ ತಗೊಳ್ಳೂದು ನಮ್ಮಾಗ ಇಲ್ಲ" ಎಂದರು.

"ಬಡ್ಡಿ ಯಾರು ಕೇಳಿದ್ರು ಅತ್ತೆ? ಐದು ಸಾವಿರ ಕೊಟ್ವಿ, ಐದು ಸಾವಿರ ಕೇಳ್ತಿದೀನಿ."

"ಐದ ಸಾವಿರ ನಿನಗ. ಅವಗ? ತೊಂಬತ್ತ ಸಾವಿರ ತಗೊಂಡಾವ ಎರಡ ಲಕ್ಷ ಮೂವತ್ತ ಸಾವಿರ ಕೊಡಬೇಕು. ಆ ಮ್ಯಾಲಿನ ಒಂದ ಲಕ್ಷ ನಲವತ್ತ ಸಾವಿರಕ್ಕ ನಿಮ್ಮ ಮೈಸೂರಾಗ ಏನಂತಾರ?"

"ರೂಪಾಯಿ ಬಿತ್ತು. ಅದಕ್ಕೆ ನಾನೇನ್ಮಾಡ್ಲಿ?"

"ರೂಬೆನ್ ಬೀಳಿಸ್ಯಾನೇನ ಅದನ್ನ?"

ಸಿಂಧು ತಟ್ಟೆ ಹಿಡಿದು ನಿಂತು, ಇನ್ನೊಂದು ದೋಸೆ ಸಿಗುತ್ತದೋ ಇಲ್ಲವೋ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಮೂರು ವಾರ ಇದೇ ಮಾತು. ರೊಟ್ಟಿ ತಟ್ಟುವಾಗ, ಬಟ್ಟೆ ಮಡಚುವಾಗ, ಅತ್ತೆಯನ್ನು ಕೈಹಿಡಿದು ಮೆಟ್ಟಿಲಿಳಿಸುವಾಗ. ಹದಿನೆಂಟು ಮೆಟ್ಟಿಲು, ಪ್ರತಿ ಮೆಟ್ಟಿಲಿಗೆ ಒಂದು ಅಯ್ಯಪ್ಪಾ. "ಈ ಮೆಟ್ಟಿಲು ತಪ್ಪಲಿ ಅಂತಾನೇ ಅತ್ತೆ ನಾನು ಒದ್ದಾಡ್ತಿರೋದು" ಎನ್ನುತ್ತಿದ್ದೆ. "ನನ್ನ ಮಂಡಿಗೆ ರೂಬೆನ್ ಯಾಕ ದಂಡ ಕೊಡಬೇಕು?" ಎನ್ನುತ್ತಿದ್ದರು ಅವರು. ಮಾತಿನಲ್ಲಿ ಅವರನ್ನು ಗೆದ್ದವರಿಲ್ಲ. ಕೊನೆಗೆ ಒಂದು ದಿನ ಅವರೇ ಹೇಳಿದರು, "ರಬ್ಬಿನ್ನ ಕೇಳೋಣು. ಅವ ಹೂಂ ಅಂದ್ರ ನಾ ಬಾಯಿ ಮುಚ್ಚತೀನಿ."

ಅತ್ತೆ ಶನಿವಾರಗಳಲ್ಲಿ ಹೋಗುತ್ತಿದ್ದ ಸಣ್ಣ ಪ್ರಾರ್ಥನಾ ಮಂದಿರಕ್ಕೆ ಲೆವಿನ್ ಎಂಬ ಕಿರಿಯ ವಯಸ್ಸಿನ ಗುರು. ರಬ್ಬಿ ಎನ್ನುತ್ತಾರೆ. ನವೆಂಬರಿನ ಒಂದು ಭಾನುವಾರ ನಾವು ಮೂವರೂ ಅವನ ಕೋಣೆಯಲ್ಲಿ ಕೂತೆವು. ಎಜ್ರಾ ಇಂಗ್ಲಿಷಿನಲ್ಲಿ ಎಲ್ಲ ಹೇಳಿದ. ನಾನು ಅತ್ತೆಗೆ ಕನ್ನಡದಲ್ಲಿ ಒಪ್ಪಿಸುತ್ತ ಹೋದೆ.

ರಬ್ಬಿ ಮೊದಲು ಕೇಳಿದ್ದು ಎಷ್ಟು ಕೊಟ್ಟಿರಿ ಎಂದಲ್ಲ, ಎಲ್ಲಿ ಕೊಟ್ಟಿರಿ ಎಂದು.

"ಹುಬ್ಬಳ್ಳಿಯಲ್ಲಿ. ನಮ್ಮ ಮನೆಯಲ್ಲಿ. ಡಾಲರ್ ನೋಟುಗಳನ್ನೇ ಕೊಟ್ಟೆ" ಎಂದ ಎಜ್ರಾ.

"ಹಾಗಾದರೆ ಕಷ್ಟ" ಎಂದು ರಬ್ಬಿ ವಿವರಿಸಿದ. ಒಬ್ಬ ಇನ್ನೊಬ್ಬನಿಂದ ಒಂದು ಸೇರು ಗೋಧಿ ಕಡ ತೆಗೆದುಕೊಳ್ಳುತ್ತಾನೆ, ಮುಂದೆ ಒಂದು ಸೇರು ಗೋಧಿಯನ್ನೇ ಕೊಡುತ್ತೇನೆ ಎನ್ನುತ್ತಾನೆ. ನಡುವೆ ಗೋಧಿಯ ಬೆಲೆ ಏರಿದರೆ ತೆಗೆದುಕೊಂಡದ್ದಕ್ಕಿಂತ ಹೆಚ್ಚು ಕೊಟ್ಟ ಹಾಗಾಯಿತು. ಅದು ಬಡ್ಡಿಯ ನೆರಳು, ಅದಕ್ಕೇ ಹಿರಿಯರು ಬೇಡವೆಂದರು. ಸೇರಿಗೆ ಸೇರು ಕೇಳಬಾರದು, ಕೊಟ್ಟ ದಿನದ ಬೆಲೆ ಕೇಳಬಹುದು. ಹಣಕ್ಕೆ ಈ ತೊಡಕಿಲ್ಲ, ಸರಕಿಗೆ ಇದೆ. ಯಾವ ಊರಿನಲ್ಲಿ ಯಾವುದು ಚಲಾವಣೆಯೋ ಅದೇ ಅಲ್ಲಿ ಹಣ. ಹುಬ್ಬಳ್ಳಿಯಲ್ಲಿ ರೂಪಾಯಿ ಹಣ. ಅಲ್ಲಿ ಡಾಲರ್ ಗೋಧಿಯ ಹಾಗೆ, ಒಂದು ಸರಕು.

ಇದನ್ನು ನಾನು ಕನ್ನಡಕ್ಕೆ ತರುವಷ್ಟರಲ್ಲಿ ಅತ್ತೆಯ ಮುಖ ಅರಳಿತ್ತು. "ನಾ ಹೇಳಲಿಲ್ಲ?" ಎಂದರು.

"ಆ ಕಾಲದಲ್ಲಿ ನಿಮ್ಮ ತಮ್ಮ ಪೇಟೆಗೆ ಹೋಗಿ ಡಾಲರ್ ಕೊಂಡುಕೊಳ್ಳಬಹುದಿತ್ತೆ? ಹಾಗಿದ್ದರೆ ಈ ತೊಡಕಿಲ್ಲ" ಎಂದು ರಬ್ಬಿ ಕೇಳಿದ.

"ಇಲ್ಲ. ಆಗ ಇಟ್ಟುಕೊಳ್ಳೋದೇ ಅಪರಾಧದ ಹಾಗಿತ್ತು."

"ಹಾಗಾದರೆ ಒಂದೇ ದಾರಿ. ಸಾಲ ತೆಗೆದುಕೊಳ್ಳುವಾಗ ಅವನ ಮನೆಯಲ್ಲಿ ಅದೇ ಸರಕು ಸ್ವಲ್ಪವಾದರೂ ಇತ್ತೆ? ಇದ್ದರೆ ಅದರ ಆಸರೆಯಲ್ಲಿ ಎಷ್ಟು ಬೇಕಾದರೂ ಕಡ ಪಡೆಯಬಹುದು. ಒಂದು ಡಾಲರ್ ಸಾಕು. ನೀವೇ ಉಡುಗೊರೆಯಾಗಿ ಕೊಟ್ಟಿದ್ದರೂ ನಡೆಯುತ್ತದೆ, ಸಾಲಕ್ಕೆ ಮೊದಲು ಕೊಟ್ಟಿರಬೇಕು."

ಒಂದು ಡಾಲರ್ ಇತ್ತು.

ತೊಂಬತ್ತರ ಡಿಸೆಂಬರಿನಲ್ಲಿ ನಾನು ಮೂರು ವಾರದ ಮದುಮಗಳು. ಹುಬ್ಬಳ್ಳಿಯ ಮನೆಯಲ್ಲಿ ಅತ್ತೆ ಮೀನು ತರಲು ಪೇಟೆಗೆ ಹೋಗಿದ್ದರು. ನನ್ನ ಮುಖ ನೋಡುವುದು ತಪ್ಪಲಿ ಎಂದೇ ಹೋಗಿದ್ದರೇನೋ, ಆಗ ನಾವಿಬ್ಬರೂ ಹಾಗಿದ್ದೆವು. ಎಣ್ಣೆ ತೆಗೆಯುವ ಮಷೀನು ಕೊಳ್ಳಲು ರೂಬೆನ್‌ಗೆ ಹಣ ಬೇಕಿತ್ತು. ಎಜ್ರಾ ನೂರರ ಐವತ್ತು ನೋಟು ಎಣಿಸಿ ಕೊಟ್ಟ. ರೂಬೆನ್ ತಾನೂ ಎರಡು ಸಲ ಎಣಿಸಿ, ಕರವಸ್ತ್ರದಲ್ಲಿ ಕಟ್ಟಿ, ಅಂಗಿಯೊಳಗೆ ಇಟ್ಟುಕೊಂಡು, ಡಾಲರನ್ನೇ ತಿರುಗಿಸುತ್ತೇನೆ ಎಂದ. ಆಮೇಲೆ ನಾನು ಬಾಯಿ ಹಾಕಿದೆ. "ರೀ, ಹಾಗೆ ಸೊನ್ನೆ ಸೊನ್ನೆ ಕೊಡಬಾರದು. ಮೇಲೊಂದು ಇಡಿ" ಎಂದೆ. ನಮ್ಮ ಕಡೆ ಮುಯ್ಯಿ ಕೊಟ್ಟರೂ ನೂರಾ ಒಂದು, ಐನೂರಾ ಒಂದು. ಎಜ್ರಾನ ಪರ್ಸಿನಲ್ಲಿ ಒಂದು ಡಾಲರಿನ ನೋಟಿತ್ತು, ಕೊಟ್ಟ. "ವೈನಿ, ಇದು ಸಾಲದಾಗ ಬರ್ತೈತೋ ಇಲ್ಲೋ?" ಎಂದು ರೂಬೆನ್ ನಕ್ಕ. "ಅದು ನಾನು ಕೊಟ್ಟಿದ್ದು, ನಿಮಗೇ" ಎಂದೆ. ಆ ಮನೆಯಲ್ಲಿ ನಾನು ಕೊಟ್ಟ ಮೊಟ್ಟಮೊದಲ ಉಡುಗೊರೆ ಅದು. ಹಾಗಾಗಿ ಎಷ್ಟು ವರ್ಷವಾದರೂ ಮರೆಯುವಂತಿರಲಿಲ್ಲ.

"ಒಂದು ಡಾಲರ್ ಕೊಟ್ಟಿದ್ವಿ" ಎಂದೆ, ಇಂಗ್ಲಿಷಿನಲ್ಲಿ.

"ಮೊದಲೋ ಆಮೇಲೋ?" ಎಂದ ರಬ್ಬಿ.

ಎಜ್ರಾ ನನ್ನತ್ತ ನೋಡಿದ. "ನನಗೆ ನೆನಪಿಲ್ಲ" ಎಂದ.

"ಮೊದಲು" ಎಂದೆ. "ಶಕುನಕ್ಕೆ ಅಂತ ಮೊದಲು ಅದನ್ನ ಕೊಟ್ಟು, ಆಮೇಲೆ ಸಾಲ ಕೊಟ್ಟಿದ್ದು."

ಸುಳ್ಳು ಇಷ್ಟು ಸಣ್ಣದಿದ್ದರೆ ಹೇಳುವುದು ಸುಲಭ. ಯಾರನ್ನೂ ದೂರಲಿಲ್ಲ, ಏನನ್ನೂ ಕದಿಯಲಿಲ್ಲ. ಒಂದು ನೋಟನ್ನು ಐದು ನಿಮಿಷ ಹಿಂದಕ್ಕೆ ಸರಿಸಿದೆ. ಅತ್ತೆಗೆ ಅದನ್ನೇ ಕನ್ನಡದಲ್ಲಿ ಇನ್ನೊಂದು ಸಲ ಹೇಳಬೇಕಾಯಿತು. ಆಗ ಮಾತ್ರ ನಾಲಿಗೆ ತಡವರಿಸಿತು.

ರಬ್ಬಿ ತಲೆಯಾಡಿಸಿದ. "ಹಾಗಿದ್ದರೆ ಡಾಲರಿಗೆ ಡಾಲರ್ ತೆಗೆದುಕೊಳ್ಳಬಹುದು. ತೆಗೆದುಕೊಳ್ಳಲೇಬೇಕು ಅಂತ ನಾನು ಹೇಳುತ್ತಿಲ್ಲ. ನಿಮ್ಮ ತಮ್ಮನನ್ನೂ ಕೇಳಿ, ಅವನ ನೆನಪಿನಲ್ಲೂ ಹಾಗೇ ಇದೆಯೇ ಅಂತ."

ಕಾರಿನಲ್ಲಿ ಅತ್ತೆ ಬಹಳ ಹೊತ್ತು ಕಿಟಕಿಯಾಚೆ ಫ್ರೀವೇ ನೋಡುತ್ತ ಕೂತಿದ್ದರು. ಆಮೇಲೆ ಹೇಳಿದರು, "ತಪ್ಪ ತಿಳಕೊಂಡಿದ್ದೆ ವಸುಧಾ. ನಿನಗ ನಾ ಭಾಳ ಬಿರುಸ ಮಾತಾಡಿದೆ. ಮನಸ್ಸಿಗೆ ಹಚ್ಕೋಬ್ಯಾಡ." ಹತ್ತು ವರ್ಷದಲ್ಲಿ ಅವರು ನನ್ನಲ್ಲಿ ತಪ್ಪಾಯಿತು ಎಂದದ್ದು ಅದೇ ಮೊದಲು. ನನಗೆ ಕಾರಿನಿಂದ ಹಾರಿಬಿಡೋಣ ಅನಿಸಿತು.

ಮರುದಿನ ಬೆಳಿಗ್ಗೆ ಹುಬ್ಬಳ್ಳಿಗೆ ಫೋನ್. ಮತ್ತೆ ಅದೇ ಸ್ಪೀಕರ್, ಸುತ್ತ ನಾವು ಮೂವರು. ಎಜ್ರಾ ರಬ್ಬಿಯ ಮಾತನ್ನೆಲ್ಲ ಹೇಳಿ, ಕೊನೆಗೆ ನನ್ನ ಕಡೆ ಕೈ ತೋರಿಸಿದ.

"ರೂಬೆನ್, ಆವತ್ತು ಸಾಲಕ್ಕೆ ಮೊದಲು ನಿಮಗೊಂದು ಡಾಲರ್ ಕೊಟ್ವಲ್ಲ, ನೆನಪಿದೆಯಾ?" ಎಂದೆ.

ಲೈನಿನಲ್ಲಿ ಗೊರಗೊರ ಸದ್ದು ಬಿಟ್ಟರೆ ಏನಿಲ್ಲ. ಕಟ್ಟಾಯಿತೇನೋ ಅಂದುಕೊಂಡೆ.

"ಅವ್ವ ಅಲ್ಲೇ ಅದಾಳ?" ಎಂದು ಕೇಳಿದ.

"ಇಲ್ಲೇ ಅದೀನಪಾ" ಎಂದರು ಅತ್ತೆ.

"ಹಾಂ. ವೈನಿ ಹೇಳ್ತಾರಂದ್ರ ಹಂಗ ಇರಬೇಕು. ಕೊಡ್ತೀನಿ. ಎರಡ ತಿಂಗಳ ಟೈಮ್ ಕೊಡ್ರಿ."

ಅವನು ಮರೆತಿದ್ದಾನೆ ಎಂದು ನಾನು ನನಗೇ ಸಮಾಧಾನ ಹೇಳಿಕೊಂಡೆ. ಹತ್ತು ವರ್ಷ, ಒಂದು ಡಾಲರ್, ಯಾರಿಗೆ ನೆನಪಿರುತ್ತದೆ?

ಜನವರಿಯ ಎರಡನೇ ವಾರ ಐದು ಸಾವಿರ ಡಾಲರಿನ ಡ್ರಾಫ್ಟು ಬಂತು. ಅದಕ್ಕಾಗಿ ರೂಬೆನ್ ಬ್ಯಾಂಕಿಗೆ ಎಂಟು ಸಲ ಅಲೆದನಂತೆ. ಸಾಲ ಪಾಸಾಯಿತು. ಫೆಬ್ರವರಿಯಲ್ಲಿ ಸ್ಯಾನ್ ರಮೋನಿನ ಮನೆಗೆ ಬಂದೆವು. ಒಂದೊಂದು ಷೇರಿನ ಬೆಲೆ ಅಷ್ಟರಲ್ಲಿ ತೊಂಬತ್ತು ಸೆಂಟಿಗೆ ಇಳಿದು, ನಮ್ಮ ಎರಡು ಲಕ್ಷ ಕರಗಿತ್ತು. ಕಂಪನಿ ಎಲ್ಲರ ಸಂಬಳ ಕಾಲು ಭಾಗ ಕತ್ತರಿಸಿತು. ಎಜ್ರಾ ದಿನವೂ ಆರುನೂರ ಎಂಬತ್ತರ ಫ್ರೀವೇಯಲ್ಲಿ ಒಂದೂವರೆ ಗಂಟೆ ಕಾರು ಓಡಿಸಿ, ನಾಳೆ ಇದೆಯೋ ಇಲ್ಲವೋ ಎಂಬ ಆಫೀಸಿಗೆ ಹೋಗಿಬರುತ್ತಿದ್ದ. ನಾನು ಡೇಕೇರಿನಲ್ಲಿ ಇನ್ನೆರಡು ಗಂಟೆ ಹೆಚ್ಚು ಕೆಲಸ ಹಿಡಿದೆ.

ಅತ್ತೆಗೆ ಮಾತ್ರ ಸಂಭ್ರಮ. ಬಾಗಿಲ ಚೌಕಟ್ಟಿಗೆ ತಮ್ಮ ಧರ್ಮದ ಪ್ರಾರ್ಥನೆ ಬರೆದ ಚೀಟಿಯಿರುವ ಸಣ್ಣ ಕೊಳವೆ ಹೊಡೆಸಿದರು. ಅದರ ಮೇಲೆಯೇ ನಾನು ಮಾವಿನೆಲೆಯ ಪ್ಲಾಸ್ಟಿಕ್ ತೋರಣ ಕಟ್ಟಿದೆ. "ಎದ್ದ ಕೂಡಲೆ ಬಾತ್‌ರೂಮು. ನಾಲ್ಕ ಹೆಜ್ಜಿಗೆ ಹಿತ್ತಲ. ನಿನ್ನ ಪುಣ್ಯಾ ವಸುಧಾ" ಎಂದು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹೇಳುತ್ತಿದ್ದರು. ಅವರು ಹೊಗಳಿದಾಗಲೆಲ್ಲ ನಾನು ಸಿಂಧುವಿನ ಮೇಲೆ ರೇಗುತ್ತಿದ್ದೆ. ಒಮ್ಮೆ ಅವಳು ಹಾಲಿನ ಲೋಟ ಮುಟ್ಟದೆ ಇಟ್ಟಳು ಎಂದು ಕಿರುಚಿದ್ದಕ್ಕೆ, ಅಮ್ಮನಿಗೆ ಹೊಸ ಮನೆ ಇಷ್ಟವಿಲ್ಲವೇ ಎಂದು ಮಗು ಅಜ್ಜಿಯನ್ನು ಕೇಳಿತಂತೆ.

ಮಾರ್ಚಿನ ಒಂದು ಭಾನುವಾರ ಗೃಹಪ್ರವೇಶ ಇಟ್ಟುಕೊಂಡೆವು. ನಾನು ಹಾಲುಕ್ಕಿಸಿದೆ. ಅತ್ತೆ ತಮ್ಮ ಪದ್ಧತಿಯಂತೆ ಅವಲಕ್ಕಿ ನೆನೆಸಿ, ಕಾಯಿತುರಿ ಬೆಲ್ಲ ಕಲಸಿ, ಮೇಲೆ ಹಣ್ಣು ಹೆಚ್ಚಿಟ್ಟು ಮಲಿದಾ ಮಾಡಿದರು. ಬಂದವರು ಹತ್ತು ಹನ್ನೆರಡು ಜನ. ಅವರಲ್ಲಿ ಈರವ್ವ ಒಬ್ಬರು. ಹುಬ್ಬಳ್ಳಿಯಲ್ಲಿ ಅತ್ತೆಯ ಓಣಿಯವರು, ಮಗನ ಮನೆಗೆಂದು ಹೋದ ವಾರವಷ್ಟೇ ಬಂದಿದ್ದರು. ಚೀಲದಿಂದ ಶೇಂಗಾ ಚಟ್ನಿಪುಡಿ ತೆಗೆದರು, ಕಡಕ್ ರೊಟ್ಟಿ ತೆಗೆದರು. ಅತ್ತೆ ಚೀಲದೊಳಗೆ ಇಣುಕಿದರು.

"ರೂಬೆನ್ ಎಣ್ಣಿ ಕೊಟ್ಟಿಲ್ಲೇನ? ವರ್ಷಾ ಬಂದವರ ಕೈಯಾಗ ಕುಸುಬಿ ಎಣ್ಣಿ ಕಳಸ್ತಾನಲ್ಲ."

"ಎಲ್ಲೀ ಎಣ್ಣಿ ಸಾರವ್ವ! ದೊಡ್ಡ ಮಷೀನು ಶಿವರುದ್ರಪ್ಪಗ ಮಾರಿ ಬಿಟ್ಟಾನಲ್ಲ. ನಿನಗ ಗೊತ್ತಿಲ್ಲೇನ?"

"ಯಾವಾಗ?"

"ಡಿಸೆಂಬರಾಗ. ಏನೋ ಅಡಚಣಿ ಅಂದ. ಪಾಪ, ಈಗ ಶಿವರುದ್ರಪ್ಪನ ಗಿರಣ್ಯಾಗ ಕೂಲಿಗೆ ಹೋಗ್ತಾನ. ತಾ ಮಾರಿದ ಮಷೀನು ತಾನ ನಡಸ್ತಾನ."

ಅತ್ತೆ ಚೀಲದ ಬಾಯಿ ಮುಚ್ಚಿದರು. ನಾನು ಕೋಸಂಬರಿಯ ಪಾತ್ರೆ ಎತ್ತಿಕೊಂಡು ಒಳಗೆ ಹೋಗಿ, ಫ್ರಿಜ್ಜಿನ ಬಾಗಿಲು ತೆಗೆದು, ಏನು ಬೇಕಿತ್ತೆಂದು ತಿಳಿಯದೆ ತಣ್ಣಗಿನ ಗಾಳಿಗೆ ಮುಖ ಕೊಟ್ಟು ನಿಂತೆ. ಎಲ್ಲಿಂದ ತಂದಾನು ಎಂದು ನಾನು ಒಂದು ದಿನವಾದರೂ ಕೇಳಲಿಲ್ಲ. ಎರಡು ತಿಂಗಳ ಟೈಮು ಕೇಳಿದಾಗಲೂ ಕೇಳಲಿಲ್ಲ.

ಹೊರಡುವಾಗ ಈರವ್ವ ನನ್ನ ಹಣೆಗೆ ಕುಂಕುಮವಿಟ್ಟು, ಕೈಗೆ ಐವತ್ತು ಡಾಲರಿನ ಲಕೋಟೆ ಕೊಟ್ಟರು. ಆಮೇಲೆ ಏನೋ ನೆನಪಾಗಿ ಸೊಂಟದ ಚೀಲ ಬಿಚ್ಚಿ, ಒಂದು ಡಾಲರ್ ತೆಗೆದು ಲಕೋಟೆಯ ಮೇಲಿಟ್ಟರು. "ಮ್ಯಾಲೊಂದು ಇಡೂದ ಮರತಿದ್ದೆ ನೋಡವಾ" ಎಂದು ನಕ್ಕರು. ಅತ್ತೆ ಬಾಗಿಲ ಹತ್ತಿರವೇ ಕೂತಿದ್ದರು. ಆ ನೋಟು ನೋಡಿದರು, ನನ್ನ ಮುಖ ನೋಡಿದರು.

ಎಲ್ಲರೂ ಹೋದ ಮೇಲೆ ನಾನು ಪಾತ್ರೆ ತೊಳೆಯುತ್ತಿದ್ದೆ, ಎಜ್ರಾ ಒರೆಸುತ್ತಿದ್ದ. ಸಿಂಧು ಹಿತ್ತಲಲ್ಲಿ ಸೈಕಲ್ ಹೊಡೆಯುತ್ತಿದ್ದಳು. ಅತ್ತೆ ಬಂದು ಕುರ್ಚಿ ಎಳೆದು ಕೂತರು.

"ವಸುಧಾ, ಆವತ್ತ ಹುಬ್ಬಳ್ಳ್ಯಾಗ ರೂಬೆನ್‌ಗ ಒಂದ ಡಾಲರ್ ಯಾಕ ಕೊಟ್ಟದ್ದು?"

"ಹೇಳಿದ್ನಲ್ಲ ಅತ್ತೆ. ಶಕುನಕ್ಕೆ."

"ಯಾರ ಕೊಡ ಅಂದದ್ದು?"

"ನಾನೇ."

"ನಿಮ್ಮ ಕಡೆ ಮ್ಯಾಲೊಂದು ಅಂತೀರಲ್ಲ, ಅದಾ?"

"ಹೂಂ."

"ಮ್ಯಾಲೊಂದು ಅನ್ನೂದು ಮೊದಲ ಹೆಂಗ ಬರ್ತೈತಿ?"

ನಲ್ಲಿ ನೀರು ಸುರಿಯುತ್ತಲೇ ಇತ್ತು. ಎಜ್ರಾ ಕೈ ಚಾಚಿ ನಿಲ್ಲಿಸಿದ.

"ಆಮೇಲೆ ಕೊಟ್ಟಿದ್ದು ಅತ್ತೆ" ಎಂದೆ. "ಅವರು ಹಣ ಎಣಿಸಿ ಅಂಗಿಯೊಳಗೆ ಇಟ್ಕೊಂಡ ಮೇಲೆ. ನಾನು ಸುಳ್ಳು ಹೇಳ್ದೆ."

"ನನಗೂ ನೆನಪಿತ್ತವ್ವಾ" ಎಂದ ಎಜ್ರಾ, ತಟ್ಟೆಯನ್ನು ನೋಡುತ್ತ.

"ನೆನಪಿತ್ತಾ?" ನಾನು ಅವನತ್ತ ತಿರುಗಿದೆ. "ಮತ್ತೆ ರಬ್ಬಿ ಮುಂದೆ ಇಲ್ಲ ಅಂದ್ರಿ?"

"ನೀನು ಹೇಳ್ತೀಯ ಅಂತ ಗೊತ್ತಿತ್ತು."

"ಪಾಪ ನನಗೆ, ಮನೆ ನಿಮಗೆ. ಚೆನ್ನಾಗಿದೆ ರೀ."

"ಸುಮ್ಮನಿರ್ರಿ ಇಬ್ಬರೂ!" ಅತ್ತೆಯ ದನಿ ಇಷ್ಟು ಏರಿದ್ದನ್ನು ನಾನು ಕೇಳಿರಲಿಲ್ಲ. "ನನ್ನ ಹೆಸರ ಹೇಳಿ ಈ ಮನಿ ತಗೊಂಡ್ರಿ. ನನ್ನ ಮಂಡಿ, ನನ್ನ ಮಂಡಿ ಅಂದ್ರಿ. ಒಬ್ಬ ಮಗನ ಮಷೀನು ಮಾರಿಸಿ ಇನ್ನೊಬ್ಬ ಮಗನ ಮನ್ಯಾಗ ಹಾಸಿಗಿ ಹಾಸ್ಕೊಂಡ ಮಲಗೀನಿ ನಾನು. ದಿನಾ ಎರಡ ಹೊತ್ತು ನಿನ್ನ ಪುಣ್ಯಾ, ನಿನ್ನ ಪುಣ್ಯಾ ಅಂದೀನಿ."

ಅವರು ಅಳಲಿಲ್ಲ. ಅತ್ತಿದ್ದು ನಾನು. ಅದನ್ನೂ ಅವರು ನೋಡಲಿಲ್ಲ, ಎದ್ದು ತಮ್ಮ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನೂ ಎಜ್ರಾನೂ ಊಟದ ಮೇಜಿನ ಮುಂದೆ ಕೂತು ಲೆಕ್ಕ ಹಾಕಿದೆವು. ಒಂದು ಲಕ್ಷ ನಲವತ್ತು ಸಾವಿರ ಎಂದರೆ ಮೂರು ಸಾವಿರ ಡಾಲರ್ ಚಿಲ್ಲರೆ. ಮನೆಯ ಕಂತು ಕಟ್ಟಿ, ಕತ್ತರಿಸಿದ ಸಂಬಳದಲ್ಲಿ ತಿಂಗಳಿಗೆ ಇನ್ನೂರೈವತ್ತು ಉಳಿಸಬಹುದು. ಒಂದು ವರ್ಷ ಹಿಡಿಯುತ್ತದೆ, ಎಜ್ರಾನ ಕೆಲಸ ಇದ್ದರೆ.

"ನಾನೇ ಫೋನ್ ಮಾಡ್ತೀನಿ" ಎಂದೆ.

"ನಾನು ಮಾಡ್ಲಾ?"

"ಬೇಡ. ಸುಳ್ಳು ಹೇಳಿದ್ದು ನಾನು."

ಹುಬ್ಬಳ್ಳಿಯಲ್ಲಿ ಬೆಳಗಿನ ಆರು ಗಂಟೆ ಆಗಿದೆ ಎಂದು ನೋಡಿಕೊಂಡು, ಕಾಲಿಂಗ್ ಕಾರ್ಡಿನ ಉದ್ದನೆಯ ನಂಬರ್ ಎರಡು ಸಲ ತಪ್ಪಾಗಿ ಒತ್ತಿ, ಮೂರನೆಯ ಸಲ ಲೈನು ಸಿಕ್ಕಿತು. ಸ್ಪೀಕರ್ ಹಾಕಲಿಲ್ಲ. ರೂಬೆನ್ ಗಿರಣಿಗೆ ಹೊರಟಿದ್ದನಂತೆ.

"ರೂಬೆನ್, ಆ ಡಾಲರ್ ಸಾಲಕ್ಕೆ ಮೊದಲು ಕೊಟ್ಟಿದ್ದಲ್ಲ. ಆಮೇಲೆ ಕೊಟ್ಟಿದ್ದು. ನಾನು ಬೇಕಂತಾನೇ ತಿರುಚಿ ಹೇಳ್ದೆ. ನಿಮ್ಮಿಂದ ಒಂದು ಲಕ್ಷ ನಲವತ್ತು ಸಾವಿರ ಜಾಸ್ತಿ ಇಸ್ಕೊಂಡಿದೀವಿ. ಅದನ್ನ ತಿಂಗಳಿಗಿಷ್ಟು ಅಂತ ಕಳಿಸ್ತೀವಿ."

"ಕಳಸ್ರಿ ವೈನಿ" ಎಂದ. "ಬ್ಯಾಡ ಅಂತ ದೊಡ್ಡಸ್ತಿಕಿ ಹೇಳೂದಿಲ್ಲ. ಶಿವರುದ್ರಪ್ಪ ಒಂದ ವರ್ಷದೊಳಗ ರೊಕ್ಕ ಕೊಟ್ರ ಮಷೀನು ತಿರುಗಿ ಕೊಡ್ತೀನಿ ಅಂದಾನ."

ಅವನ ದನಿಯಲ್ಲಿ ಆಶ್ಚರ್ಯವಿರಲಿಲ್ಲ. ಆಗ ನನಗೆ ತಿಳಿಯಿತು.

"ನಿಮಗೆ ನೆನಪಿತ್ತು" ಎಂದೆ.

"ನೆನಪಿಲ್ದ ಏನ್ರಿ? ಕರವಸ್ತ್ರಕ್ಕ ಗಂಟ ಹಾಕಿ ಆಗಿತ್ತು. ಆ ಡಾಲರ್ ಬ್ಯಾರೆ ಕಿಸೆದಾಗ ಇಟ್ಕೊಂಡಿದ್ದೆ."

"ಮತ್ತೆ ಆವತ್ತು ಫೋನಿನಲ್ಲಿ ಯಾಕೆ ಹೇಳ್ಲಿಲ್ಲ? ಸುಳ್ಳು ಅಂತ ಒಂದು ಮಾತು ಅಂದಿದ್ರೆ ಅಲ್ಲಿಗೇ ಮುಗೀತಿತ್ತಲ್ಲ."

"ಅವ್ವನ ಮುಂದ ನಿಮ್ಮನ್ನ ಸುಳ್ಳಿ ಅಂತ ಹೆಂಗ ಅನ್ಲಿ ವೈನಿ? ನನಗೇನು, ನಾ ಇಲ್ಲಿರಾಂವ. ಆಕಿ ನಿಮ್ಮ ಮನ್ಯಾಗ ಉಣ್ಣಾಕಿ."

ಕೂಲಿಗೆ ಹೊತ್ತಾಯಿತು ಎಂದು ಅವನೇ ಫೋನ್ ಇಟ್ಟ.

ತಿರುಗಿ ನೋಡಿದರೆ ಅತ್ತೆ ಬಾಗಿಲು ತೆಗೆದುಕೊಂಡು ಬಂದು, ಒಲೆಯ ಹತ್ತಿರ ನಿಂತಿದ್ದರು.

"ಏನಂದಾ?"

"ತಿಂಗಳಿಗಿಷ್ಟು ಅಂತ ಕಳಿಸಿ ಅಂದ್ರು. ಮಷೀನು ಬಿಡಿಸ್ಕೋಬಹುದಂತೆ."

"ಮತ್ತೇನರ ಅಂದಾ?"

"ಇಲ್ಲ" ಎಂದೆ.

ಅವರು ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ. ಕಪಾಟಿನಿಂದ ಒಂದು ತಟ್ಟೆ ತೆಗೆದು, ಕುಕ್ಕರಿನ ಮುಚ್ಚಳದ ಮೇಲೆ ಕೈಯಿಟ್ಟು, ನನ್ನ ಕಡೆ ನೋಡಿದರು.

"ಒಂದೀಟ ಅನ್ನ ಹಾಕ್ಕೊಳ್ಳಲಾ ವಸುಧಾ?" ಎಂದು ಕೇಳಿದರು.

ಮೂರು ವರ್ಷದಿಂದ ಎರಡು ಹೊತ್ತೂ ಅವರು ಹೀಗೆಯೇ ಕೇಳುತ್ತಿದ್ದರು. ಅದು ಹುಬ್ಬಳ್ಳಿ ಕಡೆಯ ಮಾತಿನ ರೀತಿ ಅಂದುಕೊಂಡಿದ್ದೆ.